ಮರಳುಗಾಡಿನ ಪಾರುಪತ್ಯಗಾರರು

ನಮ್ಮ ಸೀಮೆಯ ಹಳೆಯ ದೇವಸ್ಥಾನಗಳಲ್ಲಿ ಪಾರುಪತ್ಯಗಾರನೆಂಬ ಅಧಿಕಾರಿಯೊಬ್ಬನಿರುತ್ತಿದ್ದನು. ದೇವರ ಒಡವೆ, ಪಾತ್ರೆ ಪದಾರ್ಥ, ಭೂಮಿಕಾಣಿ, ಉಗ್ರಾಣದ ಅಕ್ಕಿಬೇಳೆ ಎಲ್ಲವೂ ಅವನ ವಶದಲ್ಲಿರುತ್ತಿದ್ದುವು. ಅವುಗಳಲ್ಲಿ ಒಂದು ಕಾಳೂ ಅವನ ಸ್ವಂತದ್ದಲ್ಲ. ಆದರೆ ಒಂದು ಕಾಳು ಕಡಮೆಯಾದರೂ ಲೆಕ್ಕ ಒಪ್ಪಿಸಬೇಕಾದವನು ಅವನೇ. ಇಂಗ್ಲಿಷಿನಲ್ಲಿ ‘ಸ್ಟೀವರ್ಡ್’ ಎಂಬ ಮಾತಿಗೂ ಹೆಚ್ಚು ಕಡಮೆ ಇದೇ ಅರ್ಥವುಂಟು. ಪರರ ಸೊತ್ತನ್ನು ತನ್ನದೆಂಬಂತೆ ಜೋಪಾನ ಮಾಡುತ್ತ, ಅದು ತನ್ನದಲ್ಲವೆಂಬುದನ್ನು ಎಂದಿಗೂ ಮರೆಯದವನೇ ಸ್ಟೀವರ್ಡ್. ಈ ಲೇಖನದಲ್ಲಿ ವಾಚಕರಿಗೆ ಪರಿಚಯ ಮಾಡಿಕೊಡಬೇಕೆಂದಿರುವ ಜನರು ಈ ಹೆಸರಿನವರೇ. ಆದರೆ ಅವರು ಕಾಯುವುದು ಚಿನ್ನವನ್ನಲ್ಲ, ಧಾನ್ಯವನ್ನಲ್ಲ. ಕಲ್ಲು, ಕಳ್ಳಿ, ಮುಳ್ಳುಗಳಿಂದ ತುಂಬಿದ ಒಂದು ಮರಳುಗಾಡನ್ನು. ಅದಕ್ಕಾಗಿ ಅವರಿಗೆ ಸಂಬಳವೂ ಇಲ್ಲ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ನೈರುತ್ಯ ಭಾಗದಲ್ಲಿ, ಮೆಕ್ಸಿಕೋ ದೇಶಕ್ಕೆ ತಾಗಿಕೊಂಡು, ಅರಿಜೋನ ಎಂಬ ಸಂಸ್ಥಾನವಿರುವುದು. ಅದರ ರಾಜಧಾನಿ ಫೀನಿಕ್ಸ್. ಫೀನಿಕ್ಸಿಗೆ ಹೊಂದಿಕೊಂಡಿರುವ ಊರು ಸ್ಕಾಟ್ಸ್‌ಡೇಲ್. ಈ ಊರಿನ ಎಲ್ಲೆಯೊಳಗೆ ಮೆಕ್‌ಡವೆಲ್ ಎಂಬ ಬೆಟ್ಟಗಳ ಸಾಲಿದೆ. ಆ ಬೆಟ್ಟಗಳನ್ನೂ ಅವುಗಳ ತಪ್ಪಲನ್ನೂ ಉತ್ತರದ ಬಯಲನ್ನೂ ಸೇರಿಸಿ, ೩೦,೦೦೦ ಎಕರೆಗಳಿಗೂ ಮಿಗಿಲಾದ ಭೂಮಿಯನ್ನು ಊರಿನವರು ಅಭಯಭೂಮಿಯನ್ನಾಗಿ ಮಾಡಿ ಬಿಟ್ಟಿದ್ದಾರೆ. ಇದು ಊರಿನ ಒಟ್ಟು ವಿಸ್ತೀರ್ಣದಲ್ಲಿ ಕಾಲುಭಾಗಕ್ಕೂ ಹೆಚ್ಚು. ಇದಕ್ಕೆ ಮೆಕ್‌ಡವೆಲ್ ಸೊನೋರನ್ ಅಭಯಭೂಮಿಯೆಂದು ಹೆಸರು.

ಹಣ ಕೊಟ್ಟು ಯಾರಾದರೂ ಮರಳುಗಾಡನ್ನು ಕೊಳ್ಳುವರೆ ಎಂದು ವಾಚಕರು ನಗಬಹುದು. ಮರಳುಗಾಡೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕೊನೆ ಮೊದಲಿಲ್ಲದ ಮರಳ ದಿಬ್ಬಗಳು, ನಡುವೆ ಒಂದು ಒಂಟೆಯ ಸಾಲು, ಅಷ್ಟೇ. ಸೊನೋರನ್ ಮರುಭೂಮಿ ಅಂಥದಲ್ಲ. ಅರಿಜೋನದಿಂದ ಮೆಕ್ಸಿಕೋವರೆಗೆ ಸುಮಾರು ಒಂದು ಲಕ್ಷ ಚದರ ಮೈಲಿ ಹರಡಿರುವ ಈ ನಾಡಿನಲ್ಲಿ ವರ್ಷಕ್ಕೆ ಎರಡು ಮಳೆಗಾಲಗಳುಂಟು. ಚಳಿಗಾಲದಲ್ಲಿ ಪಶ್ಚಿಮದ ಕಡಲಿನಿಂದ ಮೆಲ್ಲನೆ ಬರುವ ಸೋನೆ ಒಂದು. ಜುಲೈ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಗುಡುಗು ಸಿಡಿಲುಗಳೊಡನೆ ಬರುವ ಬಿರುಮಳೆ ಇನ್ನೊಂದು. ಈ ಎರಡನೆಯದನ್ನು ಅವರೂ ನಮ್ಮಂತೆಯೇ ಮಾನ್ಸೂನ್ ಎಂದು ಕರೆಯುವರು. ಎರಡೂ ಸೇರಿ ಫೀನಿಕ್ಸಿನಲ್ಲಿ ವರ್ಷಕ್ಕೆ ಬೀಳುವುದು ಏಳೆಂಟು ಅಂಗುಲ ಮಾತ್ರ. ಅಷ್ಟು ನೀರನ್ನೇ ಎಣಿಸಿ ಎಣಿಸಿ ಖರ್ಚು ಮಾಡುತ್ತ ಅಲ್ಲಿ ಗಿಡಮರಗಳು, ಜಿಂಕೆಗಳು, ಕಾಡುಬೆಕ್ಕುಗಳು, ಆಮೆಗಳು, ಹಾವುಗಳು, ನೂರಾರು ಬಗೆಯ ಹಕ್ಕಿಗಳು ಸಂಸಾರ ಮಾಡುತ್ತಿವೆ. ಬಡವನ ಮನೆಯ ಒಪ್ಪವಾದ ಅಡಿಗೆಮನೆಯಂತೆ ಅಲ್ಲಿ ಯಾವುದೂ ವ್ಯರ್ಥವಾಗದು.

ಈ ಸಂಸಾರದ ಹಿರಿಯನೆಂದರೆ ಸಗುವಾರೊ ಎಂಬ ದೊಡ್ಡ ಕಳ್ಳಿ. ಲೋಕದಲ್ಲಿ ಸೊನೋರನ್ ಮರುಭೂಮಿಯನ್ನು ಬಿಟ್ಟರೆ ಬೇರೆ ಕಡೆಯಲ್ಲಿ ಇದು ತಾನಾಗಿ ಬೆಳೆಯುವುದಿಲ್ಲ. ಕಂಬದಂತೆ ನೇರವಾಗಿ ನಲವತ್ತರಿಂದ ಅರುವತ್ತು ಅಡಿಗಳವರೆಗೂ ಏರಿ, ಪಕ್ಕಗಳಲ್ಲಿ ತೋಳುಗಳನ್ನು ಮೇಲಕ್ಕೆತ್ತಿ ನಿಂತಿರುವ ಇದನ್ನು ದೂರದಿಂದ ಕಂಡರೆ ಯಾರೋ ಕೈಯೆತ್ತಿ ನಮ್ಮನ್ನು ಕರೆಯುತ್ತಿರುವಂತೆ ತೋರುವುದು. ಇದರ ಮೈಯೆಲ್ಲ ನೆರಿಗೆ. ಮಳೆ ಬಂದಾಗ ಹಾರ್ಮೋನಿಯಮ್ಮಿನ ತಿದಿಯಂತೆ ನೆರಿಗೆಗಳು ಬಿಚ್ಚಿ, ಟನ್ನುಗಟ್ಟಲೆ ನೀರು ಒಳಗೆ ಸೇರುವುದು. ಬೇಸಗೆಯಲ್ಲಿ ಮೆಲ್ಲಮೆಲ್ಲನೆ ಮಡಿಚಿಕೊಳ್ಳುವುದು. ಬೇರುಗಳು ಆಳಕ್ಕೆ ಇಳಿಯುವುದಿಲ್ಲ. ನೆಲದಿಂದ ಕೆಲವೇ ಅಂಗುಲಗಳ ಕೆಳಗೆ, ತಾನೆಷ್ಟು ಎತ್ತರವೋ ಅಷ್ಟು ದೂರ ಸುತ್ತಲೂ ಹರಡಿಕೊಂಡು, ಬಿದ್ದ ಹನಿಯನ್ನು ಬಿದ್ದೊಡನೆಯೇ ಹೀರುವುವು.

ಸಗುವಾರೊವಿನ ಆಯುಸ್ಸಿನ ಲೆಕ್ಕವನ್ನು ಕೇಳಿದರೆ ಮನುಷ್ಯನಿಗೆ ವಿನಯ ಬರುವುದು. ಮೊದಲ ಎಂಟು ವರ್ಷಗಳಲ್ಲಿ ಅದು ಬೆಳೆಯುವುದು ಒಂದು ಅಂಗುಲ, ಹೆಚ್ಚೆಂದರೆ ಒಂದೂವರೆ ಅಂಗುಲ. ಮೊದಲ ಹೂ ಬಿಡುವುದಕ್ಕೆ ಸುಮಾರು ಮೂವತ್ತೈದು ವರ್ಷಗಳಾಗಬೇಕು. ಮೊದಲ ತೋಳು ಮೂಡುವುದು ಐವತ್ತರಿಂದ ಎಪ್ಪತ್ತು ವರ್ಷಗಳಲ್ಲಿ. ಮಳೆ ಕಡಮೆಯಾದ ಕಡೆ ನೂರು ವರ್ಷಗಳಾದರೂ ಆಗಬಹುದು. ನೂರೈವತ್ತು ವರ್ಷಗಳಿಗೂ ಮೀರಿ ಬದುಕುವ ಸಗುವಾರೊಗಳುಂಟು. ಅದು ತನ್ನ ಆಯುಸ್ಸಿನಲ್ಲಿ ಕೋಟ್ಯಂತರ ಬೀಜಗಳನ್ನು ಉದುರಿಸುವುದು. ಅವುಗಳಲ್ಲಿ ಮರವಾಗಿ ನಿಲ್ಲುವುದು ಒಂದೋ ಎರಡೋ. ಹಾಗೆ ನಿಲ್ಲುವ ಮೊಳಕೆಯೂ ತಾನಾಗಿ ಬಯಲಿನಲ್ಲಿ ನಿಲ್ಲಲಾರದು. ಬೇರೊಂದು ಮರದ ನೆರಳು ಬೇಕು. ಬೇಸಗೆಯ ಉರಿಯಿಂದಲೂ ಚಳಿಗಾಲದ ಇರುಳಿನ ಹಿಮದಿಂದಲೂ ಕಾಪಾಡಿ, ದನಕರುಗಳ ಗೊರಸಿಗೂ ಇಲಿಗಳ ಹಲ್ಲಿಗೂ ಸಿಕ್ಕದಂತೆ ಮರೆಮಾಡಿ ಬೆಳಸುವ ಈ ಮರಗಳನ್ನು ಅಲ್ಲಿಯವರು ದಾದಿಮರಗಳೆಂದು ಕರೆಯುವುದು ಬಹಳ ಸೊಗಸಾಗಿದೆ.

ದಾದಿಮರಗಳಲ್ಲಿ ಮೂರು ಮುಖ್ಯವಾದುವು. ತೊಗಟೆಯೇ ಹಸುರಾಗಿದ್ದು, ಬರಗಾಲದಲ್ಲಿ ಎಲೆಗಳನ್ನು ಉದುರಿಸಿ ತೊಗಟೆಯಿಂದಲೇ ಬಿಸಿಲನ್ನುಂಡು ಬದುಕುವ ಪಾಲೊ ವರ್ದೆ ಒಂದು. ನೂರಾರು ವರ್ಷ ಬಾಳುವ, ಹೆಸರಿಗೆ ತಕ್ಕಂತೆ ಗಟ್ಟಿಯಾದ ಕಬ್ಬಿಣಮರ ಇನ್ನೊಂದು. ಮೂರನೆಯದು ಮೆಸ್ಕೀಟ್. ಇದರ ವಿಷಯದಲ್ಲಿ ನಮ್ಮವರು ಸ್ವಲ್ಪ ಕಿವಿಗೊಡಬೇಕು. ವಿಜಯದಶಮಿಯ ದಿನ ನಾವು ಪೂಜಿಸಿ ಎಲೆಯನ್ನು ಹಂಚಿಕೊಳ್ಳುವ ಬನ್ನಿಯ ಮರಕ್ಕೆ ಈ ಮೆಸ್ಕೀಟ್ ಹತ್ತಿರದ ದಾಯಾದಿ. ರಾಜಸ್ಥಾನದ ಮರುಭೂಮಿಯಲ್ಲಿ ಬನ್ನಿಯನ್ನು ಖೇಜಡಿಯೆನ್ನುವರು. ಅದರ ಕಾಯಿಗಳನ್ನು ಒಣಗಿಸಿ ಪಲ್ಯ ಮಾಡುವರು. ಅರಿಜೋನದ ಮೂಲನಿವಾಸಿಗಳೂ ಮೆಸ್ಕೀಟಿನ ಕಾಯಿಗಳನ್ನು ಕುಟ್ಟಿ ಹಿಟ್ಟು ಮಾಡಿ ಉಣ್ಣುತ್ತ ಬಂದವರು. ಆ ಮೂಲನಿವಾಸಿಗಳಲ್ಲಿ ತೊಹೊನೊ ಓಧಮ್ ಎಂಬ ಜನಾಂಗದವರಿಗೆ ಸಗುವಾರೊವಿನ ಹಣ್ಣು ಕೊಯ್ಯುವ ಕಾಲವೇ ಹೊಸ ವರ್ಷದ ಆರಂಭ.

ಸಗುವಾರೊ ದೊಡ್ಡದಾದ ಮೇಲೆ ತಾನೂ ಇತರರಿಗೆ ಆಶ್ರಯವಾಗುವುದು. ಇರುಳಿನಲ್ಲಿ ಅರಳುವ ಅದರ ಬಿಳಿಯ ಹೂಗಳಿಗೆ ಮೆಕ್ಸಿಕೋದಿಂದ ಹಾರಿಬರುವ ಬಾವಲಿಗಳು ಮುತ್ತುವುವು. ಬೆಳಗಾದ ಮೇಲೆ ಪಾರಿವಾಳಗಳೂ ಜೇನುಹುಳುಗಳೂ ಬರುವುವು. ಮರಕುಟಿಗವು ಅದರ ಮೈಯಲ್ಲಿ ಪೊಟರೆಯನ್ನು ಕೊರೆದು ಮರಿಮಾಡಿಕೊಂಡು ಹೋದಮೇಲೆ, ಗುಬ್ಬಚ್ಚಿಯಷ್ಟೇ ಗಾತ್ರದ ಒಂದು ಪುಟ್ಟ ಗೂಬೆ ಆ ಮನೆಗೆ ಒಕ್ಕಲು ಬರುವುದು. ಒಂದು ಸಗುವಾರೊ ಉರುಳಿದರೆ ಒಂದು ವಠಾರವೇ ಉರುಳಿದಂತೆ.

ಇಂಥ ನೆಲದ ಪಕ್ಕದಲ್ಲಿ ಸ್ಕಾಟ್ಸ್‌ಡೇಲ್ ಬೆಳೆಯಿತು. ೧೯೫೧ರಲ್ಲಿ ಪೌರಸಭೆಯಾದಾಗ ಅದು ಸುಮಾರು ಎರಡು ಸಾವಿರ ಜನರ ಹಳ್ಳಿ. ೨೦೨೦ರ ಜನಗಣತಿಯ ವೇಳೆಗೆ ಅಲ್ಲಿ ೨,೪೧,೦೦೦ಕ್ಕೂ ಹೆಚ್ಚು ಮಂದಿ ವಾಸವಾಗಿದ್ದರು. ಚಳಿಗಾಲದ ಹಿತವಾದ ಹವೆಯನ್ನು ಬಯಸಿ ದೇಶದ ಎಲ್ಲ ಕಡೆಗಳಿಂದ ಜನರು ಬಂದರು. ಮನೆಗಳು, ಆಟದ ಮೈದಾನಗಳು, ಅಂಗಡಿಬೀದಿಗಳು ಎದ್ದುವು. ಊರು ವರ್ಷವರ್ಷವೂ ಉತ್ತರಕ್ಕೆ ಹರಿಯುತ್ತ ಬೆಟ್ಟದ ಬುಡವನ್ನು ಮುಟ್ಟುವುದರಲ್ಲಿತ್ತು. ತಾವು ಯಾವ ಚೆಲುವನ್ನು ನೋಡಿ ಇಲ್ಲಿಗೆ ಬಂದೆವೋ ಆ ಚೆಲುವನ್ನೇ ತಮ್ಮ ಮನೆಗಳು ನುಂಗುತ್ತಿವೆಯೆಂದು ಕೆಲವರಿಗೆ ಅರಿವಾಯಿತು. ಅವರು ೧೯೯೧ರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡರು. ಅದೇ ಈಗ ಮೆಕ್‌ಡವೆಲ್ ಸೊನೋರನ್ ಕನ್ಸರ್ವೆನ್ಸಿ ಎಂಬ ಹೆಸರಿನ ಸಂಸ್ಥೆಯಾಗಿದೆ.

ಸಂಘದವರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಬೆಟ್ಟವನ್ನು ಕಟ್ಟಡಗಳಿಂದ ಉಳಿಸಬೇಕಾದರೆ ಮಾತಿನಿಂದ ಸಾಲದು, ಕೊಂಡುಕೊಳ್ಳಬೇಕು. ಕೊಳ್ಳುವುದಕ್ಕೆ ಹಣವೆಲ್ಲಿ? ಊರಿನವರೆಲ್ಲರೂ ಕೊಡಬೇಕು. ೧೯೯೫ರ ಮೇ ತಿಂಗಳಿನಲ್ಲಿ ಈ ಪ್ರಶ್ನೆ ಮತಕ್ಕೆ ಬಂದಿತು. ನೂರು ಡಾಲರುಗಳ ವ್ಯಾಪಾರಕ್ಕೆ ಇಪ್ಪತ್ತು ಸೆಂಟಿನಂತೆ ತಮ್ಮ ಮೇಲೆ ತಾವೇ ತೆರಿಗೆಯನ್ನು ವಿಧಿಸಿಕೊಳ್ಳಲು ಜನರು ಒಪ್ಪಿದರು. ೨೦೦೪ರಲ್ಲಿ ಮತ್ತೆ ಹದಿನೈದು ಸೆಂಟಿಗೆ ಒಪ್ಪಿದರು. ಹೀಗೆ ಉಪ್ಪು ಕೊಂಡವನೂ ಬಟ್ಟೆ ಕೊಂಡವನೂ ಕೊಟ್ಟ ಕಾಸು ಕಾಸು ಸೇರಿ ಸಾವಿರಾರು ಎಕರೆಗಳಾದುವು. ಆಮೇಲೆ ಆ ನೆಲದಲ್ಲಿ ಪ್ರವಾಸಿಗಳಿಗಾಗಿ ದೊಡ್ಡದೊಂದು ಪ್ರದರ್ಶನಭವನವನ್ನು ಕಟ್ಟುವ ಯೋಚನೆ ಬಂದಾಗ ಊರಿನಲ್ಲಿ ಬಹಳ ವಾದವಾಯಿತು. ಮರುಭೂಮಿಯ ಮಹಿಮೆಯನ್ನು ಜನರಿಗೆ ತಿಳಿಸಲು ಅದು ಬೇಕೆಂದು ಕೆಲವರೂ, ಉಳಿಸಲು ಕೊಂಡ ನೆಲದಲ್ಲಿ ಕಟ್ಟುವುದು ಕೊಟ್ಟ ಮಾತಿಗೆ ತಪ್ಪಿದಂತೆಂದು ಕೆಲವರೂ ಹೇಳಿದರು. ಜನರನ್ನು ಕೇಳದೆ ಅಭಯಭೂಮಿಯಲ್ಲಿ ಇಂಥ ಕಟ್ಟಡಗಳನ್ನು ಕಟ್ಟಕೂಡದೆಂದು ೨೦೧೮ರಲ್ಲಿ ಮತದಿಂದ ನಿರ್ಣಯವಾಯಿತು. ಮೊದಲಿನ ತೆರಿಗೆಯ ಅವಧಿ ೨೦೨೫ರಲ್ಲಿ ಮುಗಿಯುವುದಿತ್ತು. ಅದರ ಸ್ಥಾನದಲ್ಲಿ ಉದ್ಯಾನಗಳ ಮತ್ತು ಅಭಯಭೂಮಿಯ ಪೋಷಣೆಗಾಗಿ ಹದಿನೈದು ಸೆಂಟಿನ ಹೊಸ ತೆರಿಗೆಗೆ ೨೦೨೪ರಲ್ಲಿ ಒಪ್ಪಿಗೆ ದೊರೆಯಿತು.

ಭೂಮಿಯನ್ನು ಕೊಂಡದ್ದಾಯಿತು. ಆದರೆ ಮನೆಯನ್ನು ಕೊಂಡವನಿಗೆ ಗೊತ್ತಿರುವಂತೆ, ಕೊಳ್ಳುವುದು ಒಂದು ದಿನದ ಕೆಲಸ, ನೋಡಿಕೊಳ್ಳುವುದು ದಿನದಿನದ ಕೆಲಸ. ಈ ಅಭಯಭೂಮಿಗೆ ಬಾಗಿಲು ಕಾಸಿಲ್ಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಯಾರು ಬೇಕಾದರೂ ಬರಬಹುದು. ನಡೆಯಲು, ಸೈಕಲ್ ಸವಾರಿಗೆ, ಕುದುರೆ ಸವಾರಿಗೆ ೨೦೦ ಮೈಲಿಗಳಿಗೂ ಹೆಚ್ಚು ಉದ್ದದ ಕಾಲುದಾರಿಗಳಿವೆ. ಇಷ್ಟನ್ನೂ ಕೆಲವೇ ಮಂದಿ ಸಂಬಳದ ನೌಕರರು ನೋಡಿಕೊಳ್ಳಲಾರರು. ಇಲ್ಲಿಯೇ ನಮ್ಮ ಪಾರುಪತ್ಯಗಾರರ ಪ್ರವೇಶ. ಆರುನೂರಕ್ಕೂ ಮಿಗಿಲಾದ ಸ್ವಯಂಸೇವಕರು ಸಂಸ್ಥೆಯಲ್ಲಿ ತರಬೇತಿ ಹೊಂದಿ ಈ ಕೆಲಸವನ್ನು ಹಂಚಿಕೊಂಡಿದ್ದಾರೆ. ಅವರಲ್ಲಿ ಬಹುಮಂದಿ ಉದ್ಯೋಗದಿಂದ ನಿವೃತ್ತರಾದವರು, ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟುಹೋದ ತಾಯಿತಂದೆಗಳು. ಕೆಲವರು ದಾರಿಗಳಲ್ಲಿ ಗಸ್ತು ತಿರುಗುವರು. ಕೆಲವರು ದಾರಿಯ ತಲೆಬಾಗಿಲಲ್ಲಿ ನಿಂತು ಬಂದವರಿಗೆ ದಾರಿ ಹೇಳುವರು. ಕೆಲವರು ಗುದ್ದಲಿ ಹಿಡಿದು, ಬಿರುಮಳೆಯಲ್ಲಿ ಕೊಚ್ಚಿಹೋದ ಹಾದಿಯನ್ನು ಕಟ್ಟುವರು. ಕೆಲವರು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಗಿಡ ಹಕ್ಕಿಗಳನ್ನು ತೋರಿಸುವರು. ಮತ್ತೆ ಕೆಲವರು ವಿಜ್ಞಾನಿಗಳೊಡನೆ ಸೇರಿ ಸಸ್ಯಗಳನ್ನೂ ಪ್ರಾಣಿಗಳನ್ನೂ ಎಣಿಸಿ ಬರೆದಿಡುವರು.

ಗಸ್ತಿನವರ ಒಂದು ಬೆಳಗನ್ನು ನಾವು ಮನಸ್ಸಿನಲ್ಲಿಯೇ ಹಿಂಬಾಲಿಸೋಣ. ಸೂರ್ಯನು ಬೆಟ್ಟದ ಮೇಲೆ ಬರುವ ವೇಳೆಗೆ ಇಬ್ಬರು ಹೊರಡುವರು. ಬೆನ್ನಿನ ಚೀಲದಲ್ಲಿ ತಮಗೆ ಬೇಕಾದುದಕ್ಕಿಂತ ಹೆಚ್ಚು ನೀರು, ಗಾಯಕ್ಕೆ ಬಟ್ಟೆ, ನಕಾಶೆ ಇರುವುವು. ಇವುಗಳೊಡನೆ ಒಂದು ತಲೆಬಾಚುವ ಹಣಿಗೆಯೂ ಇರುವುದು. ಮರುಭೂಮಿಯಲ್ಲಿ ಹಣಿಗೆಯೇಕೆಂದರೆ, ಚೋಯಾ ಎಂಬ ಒಂದು ಜಾತಿಯ ಕಳ್ಳಿಯುಂಟು. ಅದರ ತುಂಡುಗಳು ಸ್ವಲ್ಪ ಸೋಕಿದರೂ ಕಳಚಿ ಬಟ್ಟೆಗೂ ಮೈಗೂ ಕಚ್ಚಿಕೊಳ್ಳುವುವು. ಕೈಯಿಂದ ಕೀಳಹೋದರೆ ಕೈಗೇ ಅಂಟುವುವು. ಹಣಿಗೆಯ ಹಲ್ಲನ್ನು ನಡುವೆ ತೂರಿಸಿ ಒಂದೇ ಸಲ ಚಿಮ್ಮಿದರೆ ಬಿಟ್ಟುಹೋಗುವುದು. ದಾರಿಗನ ಮಗುವೊಂದು ಅಳುತ್ತಿರುವಾಗ ಕಾಸು ಬೆಲೆಯ ಈ ಹಣಿಗೆ ಮಾಡುವ ಉಪಕಾರವನ್ನು ವೈದ್ಯನ ಪೆಟ್ಟಿಗೆಯೂ ಮಾಡಲಾರದು.

ದಾರಿಯಲ್ಲಿ ಅವರ ಕಣ್ಣು ಎಲ್ಲ ಕಡೆಗೂ ಇರುವುದು. ತಿರುವಿನಲ್ಲಿ ಯಾರಾದರೂ ಅಡ್ಡಹಾದಿ ತುಳಿದಿರುವರೆ? ನೋಡುವವರಿಗೆ ಬರಿಯ ಮಣ್ಣಿನಂತೆ ತೋರುವ ಆ ನೆಲದ ಮೇಲೆ ಪಾಚಿ, ಕಲ್ಲುಹೂವು, ಕಣ್ಣಿಗೆ ಕಾಣದ ಜೀವಾಣುಗಳು ಸೇರಿ ಹೆಣೆದ ತೆಳುವಾದ ಒಂದು ಹೊರಪದರವಿದೆ. ಮಣ್ಣು ಗಾಳಿಗೆ ಹಾರದಂತೆಯೂ ನೀರಿಗೆ ಕೊಚ್ಚಿಹೋಗದಂತೆಯೂ ಹಿಡಿದಿರುವುದು ಅದೇ. ಒಂದು ಹೆಜ್ಜೆಯಿಂದ ಮುರಿದ ಪದರ ಮತ್ತೆ ಕೂಡಿಕೊಳ್ಳಲು ಹತ್ತಾರು ವರ್ಷಗಳು ಬೇಕಾಗುವುವು. ಆದುದರಿಂದ ಅವರು ಆ ಅಡ್ಡಹಾದಿಗೆ ಒಣಕೊಂಬೆಗಳನ್ನು ಹಾಸಿ ಮುಚ್ಚಿ ಮುಂದೆ ಹೋಗುವರು. ಹಾದಿಯಲ್ಲಿ ಆಮೆಯನ್ನು ಕಂಡು ಎತ್ತಿಕೊಳ್ಳಹೋದವರನ್ನು ತಡೆಯುವರು; ಏಕೆಂದರೆ ಮರಳುಗಾಡಿನ ಆಮೆ ತನ್ನ ಮೂತ್ರಕೋಶದಲ್ಲಿಯೇ ನೀರನ್ನು ಕೂಡಿಟ್ಟುಕೊಂಡು ಬರಗಾಲವನ್ನು ಕಳೆಯುವುದು. ಮನುಷ್ಯನ ಕೈ ಸೋಕಿದ ಭಯದಿಂದ ಅದನ್ನು ಚೆಲ್ಲಿಬಿಟ್ಟರೆ ಮುಂದಿನ ಮಳೆಯವರೆಗೆ ಅದಕ್ಕೆ ಬೇರೆ ಗತಿಯಿಲ್ಲ. ಪ್ರೀತಿಯಿಂದ ಎತ್ತಿಕೊಂಡವನೇ ಅದರ ಪ್ರಾಣಕ್ಕೆ ಎರವಾಗಬಹುದು.

ಹತ್ತು ಗಂಟೆಯ ಬಿಸಿಲಿನಲ್ಲಿ ಸಣ್ಣ ಸೀಸೆಯೊಂದನ್ನು ಹಿಡಿದು ಬೆಟ್ಟವೇರಲು ಹೊರಟ ತರುಣರು ಎದುರಾಗುವರು. ಅರ್ಧ ನೀರು ಮುಗಿದ ಕಡೆಯಲ್ಲಿ ಹಿಂದಿರುಗಿರೆಂದು ಪಾರುಪತ್ಯಗಾರನು ಹೇಳುವನು. ಅವನಿಗೆ ಯಾರನ್ನೂ ಹಿಡಿಯುವ ಅಧಿಕಾರವಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ಕೆಲವರು ನಕ್ಕು ಮುಂದೆ ಹೋಗುವರು. ಕೆಲವರು ಗದರಿಸುವುದೂ ಉಂಟು. ಅಧಿಕಾರವಿಲ್ಲದವನು ಮತ್ತೊಬ್ಬನನ್ನು ತಿದ್ದಬೇಕಾದರೆ ಮಾತಿನಲ್ಲಿ ಎಷ್ಟು ಸಮಾಧಾನ ಬೇಕೆಂಬುದನ್ನು ಮನೆಯಲ್ಲಿ ವಯಸ್ಸಿಗೆ ಬಂದ ಮಕ್ಕಳಿರುವವರು ಬಲ್ಲರು. ನಾಯಿಯನ್ನು ಹಗ್ಗವಿಲ್ಲದೆ ಬಿಟ್ಟವನಿಗೆ, ‘ಹಗ್ಗ ಕಟ್ಟು’ ಎನ್ನುವ ಬದಲು, ‘ಈ ಪೊದೆಯ ಬುಡದಲ್ಲಿ ಬುಡುಬುಡಿಕೆ ಹಾವಿರುವುದುಂಟು, ನಿಮ್ಮ ನಾಯಿ ಜೋಕೆ’ ಎಂದರೆ ಕೂಡಲೆ ಹಗ್ಗ ಹೊರಬೀಳುವುದು.

ಇವೆಲ್ಲವೂ ದಿನದ ಕೆಲಸ. ಆದರೆ ಈ ಜನರ ಶ್ರಮದ ನಿಜವಾದ ಪರೀಕ್ಷೆ ಬೇರೊಂದು ಕಡೆಯಲ್ಲಿದೆ. ಅದು ಹುಲ್ಲಿನ ಯುದ್ಧ.

ಸೊನೋರನ್ ಮರುಭೂಮಿಯ ಗಿಡಗಳು ಬಿಸಿಲನ್ನು ಬಲ್ಲವು, ಬರವನ್ನು ಬಲ್ಲವು. ಬೆಂಕಿಯನ್ನು ಮಾತ್ರ ಅರಿಯವು. ಹಿಂದೆ ಅಲ್ಲಿ ಒಂದು ಗಿಡಕ್ಕೂ ಇನ್ನೊಂದಕ್ಕೂ ನಡುವೆ ಬರಿಯ ನೆಲವಿರುತ್ತಿತ್ತು. ಸಿಡಿಲು ಬಿದ್ದರೂ ಬಿದ್ದ ಗಿಡವೊಂದು ಉರಿದು, ಬೆಂಕಿ ಅಲ್ಲಿಯೇ ಆರುತ್ತಿತ್ತು. ಈ ಬರಿಯ ನೆಲವನ್ನು ಈಗ ಹೊರದೇಶಗಳ ಹುಲ್ಲುಗಳು ತುಂಬುತ್ತಿವೆ. ಅವುಗಳಲ್ಲಿ ಒಂದು ಬಫೆಲ್ ಹುಲ್ಲು. ೧೯೩೦ರ ದಶಕದಲ್ಲಿ ದನಗಳ ಮೇವಿಗಾಗಿಯೂ ಮಣ್ಣಿನ ಸವೆತವನ್ನು ತಡೆಯುವುದಕ್ಕಾಗಿಯೂ ಅರಿಜೋನಕ್ಕೆ ತಂದದ್ದು. ಇನ್ನೊಂದು ಕಾರಂಜಿ ಹುಲ್ಲು. ಮನೆಗಳ ಕೈತೋಟಗಳಲ್ಲಿ ಅಂದಕ್ಕಾಗಿ ನೆಟ್ಟದ್ದು, ಗಾಳಿಯೊಡನೆ ಬೇಲಿ ದಾಟಿ ಬೆಟ್ಟಕ್ಕೆ ಹೋಯಿತು. ಮಳೆ ಬಂದಾಗ ಇವು ಸೊಂಪಾಗಿ ಬೆಳೆದು, ಬೇಸಗೆಯಲ್ಲಿ ಒಣಗಿ, ಗಿಡದಿಂದ ಗಿಡಕ್ಕೆ ಬೆಂಕಿ ನಡೆದುಹೋಗಲು ಸೇತುವೆ ಕಟ್ಟಿಕೊಡುವುವು. ಉರಿದುಹೋದ ಹುಲ್ಲು ಬುಡದಿಂದ ಮತ್ತೆ ಚಿಗುರುವುದು. ಉರಿದುಹೋದ ಸಗುವಾರೊ ಚಿಗುರುವುದಿಲ್ಲ.

ಇದು ಬರಿಯ ಊಹೆಯಲ್ಲ. ಊರಿನವರು ತೆರಿಗೆಗೆ ಒಪ್ಪಿಗೆಯಿತ್ತು ಎರಡು ತಿಂಗಳೂ ಕಳೆದಿರಲಿಲ್ಲ. ೧೯೯೫ರ ಜುಲೈ ತಿಂಗಳಿನಲ್ಲಿ ಮೆಕ್‌ಡವೆಲ್ ಬೆಟ್ಟಗಳ ಕಡೆಯಲ್ಲಿ ಸಿಡಿಲಿನಿಂದ ಎದ್ದ ಬೆಂಕಿ ಇಪ್ಪತ್ತು ಸಾವಿರ ಎಕರೆಗಳಿಗೂ ಹೆಚ್ಚು ಮರುಭೂಮಿಯನ್ನು ಸುಟ್ಟಿತು. ೨೦೨೦ರಲ್ಲಿ ಅಲ್ಲಿಗೆ ಈಶಾನ್ಯದ ಟಾಂಟೊ ಅರಣ್ಯದಲ್ಲಿ ಒಂದು ಮೋಟಾರು ಗಾಡಿಗೆ ಹತ್ತಿದ ಬೆಂಕಿ ಹಬ್ಬಿ ೧,೯೩,೦೦೦ ಎಕರೆಗಳನ್ನು ಆಹುತಿ ತೆಗೆದುಕೊಂಡಿತು. ಸಾವಿರಾರು ಸಗುವಾರೊಗಳು ಅದರಲ್ಲಿ ಬೆಂದುವು. ಅವುಗಳಲ್ಲಿ ಎಷ್ಟೋ ಕೂಡಲೆ ಬೀಳಲಿಲ್ಲ; ಒಳಗೆ ಬೆಂದು ಹೋಗಿದ್ದರೂ ಹಸುರಾಗಿಯೇ ನಿಂತಿದ್ದು, ವರ್ಷವೆರಡು ವರ್ಷಗಳ ಮೇಲೆ ಸಾಯುವುದು ಈ ಕಳ್ಳಿಯ ಸ್ವಭಾವ.

ಆದುದರಿಂದ ಚಳಿಗಾಲದ ಬೆಳಗುಗಳಲ್ಲಿ ಪಾರುಪತ್ಯಗಾರರ ತಂಡಗಳು ಹಾರೆ ಗುದ್ದಲಿಗಳನ್ನು ಹೊತ್ತು ಹೊರಡುವುವು. ಬಫೆಲ್ ಹುಲ್ಲಿನ ಒಂದೊಂದು ದಿಂಡನ್ನೂ ಬೇರುಸಹಿತ ಮೀಟಿ ಎಬ್ಬಿಸಬೇಕು. ತೆನೆಗಳಿದ್ದರೆ ಉದುರದಂತೆ ಚೀಲದಲ್ಲಿ ತುಂಬಬೇಕು. ಕಲ್ಲಿನ ಸಂದಿನಲ್ಲಿ ಬೇರು ಬಿಟ್ಟಿದ್ದರೆ ಒಂದು ದಿಂಡಿಗೆ ಎಷ್ಟೋ ಹೊತ್ತು ಹಿಡಿಯುವುದು. ಹೀಗೆ ಒಂದು ಇಳಿಜಾರನ್ನು ಶುದ್ಧಮಾಡಿದರೂ ಕೆಲಸ ಮುಗಿಯದು; ಬಿದ್ದ ಬೀಜ ಕೆಲವು ವರ್ಷ ನೆಲದಲ್ಲಿ ಕಾದಿರುವುದರಿಂದ, ಪ್ರತಿ ಮಳೆಯ ನಂತರವೂ ಅಲ್ಲಿಗೆ ಮರಳಿ ಬರಬೇಕು. ಟೂಸಾನ್ ಪಟ್ಟಣದ ಬಳಿಯ ಸಗುವಾರೊ ರಾಷ್ಟ್ರೀಯ ಉದ್ಯಾನದಲ್ಲಿಯೂ ಸ್ವಯಂಸೇವಕರು ಇದೇ ಕೆಲಸವನ್ನು ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. ಮನೆಯ ಗೃಹಿಣಿ ಇಂದು ಗುಡಿಸಿದ ಅಂಗಳವನ್ನು ನಾಳೆಯೂ ಗುಡಿಸುವಳು; ಗುಡಿಸಿದ್ದರಿಂದ ಏನಾಯಿತೆಂದು ಯಾರೂ ಕೇಳುವುದಿಲ್ಲ, ಗುಡಿಸದಿದ್ದರೆ ಏನಾಗುವುದೆಂದು ಎಲ್ಲರಿಗೂ ಗೊತ್ತು. ಇದೂ ಅಂಥದೇ ಕೆಲಸ.

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳಬೇಕು. ಅರಿಜೋನಕ್ಕೆ ಶತ್ರುವಾದ ಈ ಬಫೆಲ್ ಹುಲ್ಲು ಆಫ್ರಿಕ ಏಷ್ಯ ಖಂಡಗಳದು. ನಮ್ಮ ದೇಶದ್ದೂ ಹೌದು. ರಾಜಸ್ಥಾನದಲ್ಲಿ ಅದಕ್ಕೆ ಧಾಮಣ್ ಎಂದು ಹೆಸರು. ಅಲ್ಲಿ ಅದು ದನಗಳಿಗೆ ಅಮೃತ. ಬಿಸಿಲ ನಾಡಿನ ರೈತನು ಅದನ್ನು ಮೆಚ್ಚಿ ಬೆಳಸುವನು. ಅತ್ತ ಅಮೆರಿಕ ಖಂಡದಿಂದ ನಮ್ಮ ದೇಶಕ್ಕೆ, ಸೌದೆಗೆ ಅನುಕೂಲವಾಗಲೆಂದು, ಹತ್ತೊಂಬತ್ತನೆಯ ಶತಮಾನದಲ್ಲಿ ಮೆಸ್ಕೀಟಿನ ಒಂದು ಜಾತಿ ಬಂದಿತು. ಅದೇ ನಮ್ಮ ಕೆರೆಯಂಗಳಗಳನ್ನೂ ಗೋಮಾಳಗಳನ್ನೂ ಮುಚ್ಚಿಕೊಂಡಿರುವ ಬಳ್ಳಾರಿ ಜಾಲಿ. ತನ್ನ ಊರಿನಲ್ಲಿ ದಾದಿಯಾಗಿರುವ ಕುಲದ ಮರ ನಮ್ಮಲ್ಲಿ ಕಳೆಯಾಯಿತು. ನಮ್ಮಲ್ಲಿ ಮೇವಾಗಿರುವ ಹುಲ್ಲು ಅವರಲ್ಲಿ ಬೆಂಕಿಯಾಯಿತು. ಯಾವ ಗಿಡವೂ ಹುಟ್ಟಾ ಕೆಟ್ಟದ್ದಲ್ಲ. ಅದರ ಸ್ಥಾನವನ್ನು ತಪ್ಪಿಸಿದ ಮನುಷ್ಯನೇ ಅದರ ಕೇಡನ್ನು ಹೊರಬೇಕಾಗುವುದು.

ನಮ್ಮ ದೇಶದಲ್ಲಿಯೂ ಈ ಕೇಡನ್ನು ಕೈಯಾರೆ ತೆಗೆದವರುಂಟು. ಜೋಧಪುರದ ಮೆಹರಾನಗಡ ಕೋಟೆಯ ಬುಡದಲ್ಲಿ ಸುಮಾರು ೭೦ ಹೆಕ್ಟೇರಿನಷ್ಟು ಕಲ್ಲುನೆಲವೆಲ್ಲ ಈ ಜಾಲಿಯಿಂದಲೇ ತುಂಬಿಹೋಗಿತ್ತು. ೨೦೦೬ರಲ್ಲಿ ಅದನ್ನು ಮರುಭೂಮಿಯ ಸ್ವಂತ ಗಿಡಗಳಿಗೆ ಹಿಂದಿರುಗಿಸುವ ಕೆಲಸ ಆರಂಭವಾಯಿತು. ಜಾಲಿಯನ್ನು ಕಡಿದರೆ ಬುಡದಿಂದ ಮತ್ತೆ ಚಿಗುರುವುದು. ಬೇರೋ ಬಂಡೆಯ ಬಿರುಕಿನೊಳಗೆ. ಕೊನೆಗೆ ಕಲ್ಲುಗಣಿಯ ಕೆಲಸಗಾರರನ್ನು ಕರೆಸಿದರು. ಬಂಡೆಯ ಸ್ವರವನ್ನು ಕೇಳಿ ಅದರ ಗುಟ್ಟನ್ನು ಅರಿಯುವ ಆ ಜನರು ಉಳಿ ಸುತ್ತಿಗೆಗಳಿಂದ ಕಲ್ಲನ್ನು ಬಿಡಿಸಿ ಬೇರನ್ನು ಕಿತ್ತರು. ಅದೇ ಗುಳಿಗಳಲ್ಲಿ ಥಾರ್ ಮರುಭೂಮಿಯ ಗಿಡಗಳನ್ನು ನೆಟ್ಟರು. ಈಗ ಅದು ರಾವ್ ಜೋಧಾ ಮರುಭೂಮಿ ಶಿಲೋದ್ಯಾನವೆಂದು ಪ್ರಸಿದ್ಧವಾಗಿದೆ. ಅರಿಜೋನದ ಗೃಹಸ್ಥನ ಹಾರೆಯೂ ಜೋಧಪುರದ ಕಲ್ಲುಕುಟಿಗನ ಉಳಿಯೂ ಒಂದೇ ಕೆಲಸವನ್ನು ಮಾಡಿದುವು.

ಪಾರುಪತ್ಯಗಾರರಿಂದ ಎಲ್ಲವೂ ಸಾಧ್ಯವೆಂದಲ್ಲ. ೨೦೨೩ರ ಬೇಸಗೆಯಲ್ಲಿ ಫೀನಿಕ್ಸಿನಲ್ಲಿ ಒಂದೇ ಸಮನೆ ೩೧ ದಿನಗಳು ಉಷ್ಣತೆಯು ೧೧೦ ಫಾರೆನ್‌ಹೀಟ್ ಡಿಗ್ರಿಗಳನ್ನು ಮುಟ್ಟಿತು ಅಥವಾ ಮೀರಿತು. ಆ ವರ್ಷದ ಮಾನ್ಸೂನೂ ಬಹುಮಟ್ಟಿಗೆ ಬಾರದೆಯೇ ಹೋಯಿತು. ಇರುಳಿನಲ್ಲಿ ಕೂಡ ತಂಪಿಲ್ಲದೆ, ಉಸಿರಾಡಲು ಬಿಡುವಿಲ್ಲದೆ, ಎಷ್ಟೋ ಸಗುವಾರೊಗಳ ತೋಳುಗಳು ಕಳಚಿಬಿದ್ದುವು, ಕೆಲವು ಬುಡಮೇಲಾದುವು. ಗುದ್ದಲಿಯಿಂದ ಹುಲ್ಲನ್ನು ಕೀಳಬಹುದು, ಸೆಕೆಯನ್ನು ಕೀಳಲಾದೀತೆ? ಈ ಮಾತನ್ನು ಅಲ್ಲಿಯವರೂ ಬಲ್ಲರು. ಆದರೆ ಬರದಿಂದ ಬಡವಾದ ಮರಕ್ಕೆ ಬೆಂಕಿಯ ಹೆದರಿಕೆಯನ್ನಾದರೂ ತಪ್ಪಿಸಿದರೆ, ಅದು ಮುಂದಿನ ಮಳೆಯವರೆಗೆ ಉಳಿದೀತೆಂಬುದು ಅವರ ಲೆಕ್ಕ. ರೋಗಿಯ ಬಳಿಯಲ್ಲಿ ಕುಳಿತವರು ರೋಗವನ್ನು ವಾಸಿಮಾಡಲಾರದಿದ್ದರೂ ತಲೆದಿಂಬನ್ನು ಸರಿಪಡಿಸುವುದನ್ನು ಬಿಡುವುದಿಲ್ಲವಷ್ಟೆ.

ಈ ಸೇವೆಯಿಂದ ಅವರಿಗೆ ಬರುವ ಲಾಭವೇನು? ಬೆಳಗಿನ ನಡಿಗೆಯಿಂದ ಆರೋಗ್ಯ, ಒಂಟಿಯಾದವರಿಗೆ ಸ್ನೇಹ, ವಯಸ್ಸಾದ ಮೇಲೆ ಹೊಸ ವಿದ್ಯೆ, ಇವೆಲ್ಲವೂ ಇಲ್ಲವೆನ್ನಲಾಗದು. ಆದರೆ ಪಾಲೊ ವರ್ದೆಯ ನೆರಳಿನಲ್ಲಿ ಮಂಡಿಯೂರಿ ಹುಲ್ಲನ್ನು ಕೀಳುತ್ತಿರುವ ಅರುವತ್ತೈದು ವರ್ಷದ ಒಬ್ಬ ಅಜ್ಜಿಯನ್ನು ಭಾವಿಸಿಕೊಳ್ಳಿರಿ. ಅವಳ ಗುದ್ದಲಿಯ ಪಕ್ಕದಲ್ಲಿ, ಹೆಬ್ಬೆರಳಿನ ಗಾತ್ರದ ಒಂದು ಹಸುರು ಗುಂಡು ಇರುವುದು. ಅದು ಎಂಟು ಹತ್ತು ವರ್ಷದ ಸಗುವಾರೊ. ಅದು ಮೊದಲ ಹೂ ಬಿಡುವ ವೇಳೆಗೆ ಅವಳು ಇರುವಳೆಂದು ಹೇಳುವಂತಿಲ್ಲ. ಅದಕ್ಕೆ ಮೊದಲ ತೋಳು ಬರುವ ವೇಳೆಗೆ ಅವಳ ಮೊಮ್ಮಗನಿಗೂ ಮುಪ್ಪು ಬಂದಿರುವುದು. ಆ ಮರದ ಪೊಟರೆಯಲ್ಲಿ ಗೂಡು ಕಟ್ಟುವ ಗೂಬೆಯನ್ನು ನೋಡುವವರು ಇನ್ನೂ ಹುಟ್ಟಿಲ್ಲ. ಅವಳು ಆ ಸಸಿಗೆ ತಗಲದಂತೆ ಹುಲ್ಲನ್ನು ಮೆಲ್ಲನೆ ಬಿಡಿಸಿ, ಚೀಲಕ್ಕೆ ತುಂಬಿ, ಮೇಲೆದ್ದು, ಮುಂದಿನ ದಿಂಡಿಗೆ ಹೋಗುವಳು.

ನಮ್ಮಲ್ಲಿ ಮರುಭೂಮಿಯಿಲ್ಲ. ಆದರೆ ಪಾರುಪತ್ಯಕ್ಕೆ ಕಾದಿರುವ ಸೊತ್ತು ಎಲ್ಲ ಊರುಗಳಲ್ಲಿಯೂ ಉಂಟು: ಜಾಲಿ ಮುಚ್ಚಿದ ಕೆರೆ, ಒತ್ತುವರಿಯಾಗುತ್ತಿರುವ ಗ್ರಾಮದ ತೋಪು, ಬೆಂಕಿ ಬೀಳುವ ಬೆಟ್ಟದ ಹುಲ್ಲುಗಾವಲು. ಹಿಂದೆ ಅಂದಕ್ಕಾಗಿ ತೋಟಗಳಿಗೆ ತಂದ ಲಂಟಾನ ಇಂದು ಬಂಡೀಪುರದ ಕಾಡಿನೊಳಗೆ ಜಿಂಕೆಗೆ ಮೇವಿಲ್ಲದಂತೆ ಹರಡಿಕೊಂಡಿದೆ. ಕೈತೋಟಕ್ಕೆ ಹೊಸ ಗಿಡವೊಂದನ್ನು ತರುವಾಗ, ಇದು ಬೇಲಿ ದಾಟಿದರೆ ಏನಾದೀತು ಎಂದು ಒಂದು ಗಳಿಗೆ ಯೋಚಿಸುವುದೂ ಪಾರುಪತ್ಯದ ಕೆಲಸವೇ. ಈ ವರ್ಷ ದಸರೆಯಲ್ಲಿ ಬನ್ನಿಯ ಎಲೆಯನ್ನು ಕೈಯಲ್ಲಿ ಹಿಡಿದಾಗ, ಅದರ ದಾಯಾದಿ ಮರದ ನೆರಳಿನಲ್ಲಿ ಹೆಸರು ತಿಳಿಯದ ಯಾರೋ ಒಬ್ಬರು ಮಂಡಿಯೂರಿ ಕುಳಿತಿರುವುದನ್ನು ವಾಚಕರು ನೆನೆಯುವರಾಗಿ ನಂಬುವೆನು.